ಮನೆಯ ನಂಬರು

ನಮ್ಮ ಕಡೆ ಫೋನ್ ನಂಬರು ಒಬ್ಬರದಲ್ಲ, ಮನೆಯದು. ತಿಳವಳ್ಳಿಯ ನಮ್ಮ ಓಣಿಯಲ್ಲಿ ಯಾವ ಅಜ್ಜಿಯನ್ನಾದರೂ "ನಿಮ್ಮ ನಂಬರ್ ಹೇಳ್ರಿ" ಎಂದು ಕೇಳಿ ನೋಡಿ. ಮಗನ ನಂಬರು ಹೇಳುತ್ತಾಳೆ. ಅದು ಹತ್ತದಿದ್ದರೆ ಇರಲಿ ಎಂದು ಸೊಸೆಯದನ್ನೂ ಹೇಳುತ್ತಾಳೆ. ರಾತ್ರಿ ಎಂಟಕ್ಕೆ ಅದೇ ಫೋನಿನಲ್ಲಿ ಮೊಮ್ಮಗ ಮನೆಪಾಠದ ಫೋಟೊ ನೋಡುತ್ತಾನೆ, ಒಂಬತ್ತಕ್ಕೆ ಅವನವ್ವ ತವರಿಗೆ ವಿಡಿಯೊ ಕಾಲ್ ಹಚ್ಚುತ್ತಾಳೆ, ಬೆಳಗಾದರೆ ಅವನಪ್ಪ ಅದನ್ನೇ ಕಿಸೆಗೆ ಹಾಕಿಕೊಂಡು ಹಾನಗಲ್ಲಿನ ಬಸ್ಸು ಹತ್ತುತ್ತಾನೆ. ವಾಟ್ಸ್‌ಆ್ಯಪ್ ಮಾಡಿದವರು ಮಾತ್ರ ಒಂದು ನಂಬರಿಗೆ ಒಬ್ಬನೇ ಮನುಷ್ಯ ಎಂದು ನಂಬಿಕೊಂಡು ಅದನ್ನು ಮಾಡಿದಂತಿದೆ. ಈ ಒಂದು ಅಂತರದಿಂದ ಸವಣೂರಿನ ಹತ್ತಿರದ ಒಂದು ಮನೆಯಲ್ಲಿ ಇಪ್ಪತ್ತೆರಡು ದಿನ ಒಬ್ಬ ಹೆಣ್ಣುಮಗಳ ಕೆಲಸ ನಿಂತುಹೋಯಿತು. ಅದನ್ನು ಹೇಳಬೇಕು ಎಂದೇ ಬರೆಯಲು ಕುಳಿತಿದ್ದೇನೆ.

ನಾನು ಟಪಾಲಿನವ. 2009ರಲ್ಲಿ ನಿವೃತ್ತನಾದೆ. ವಾಟ್ಸ್‌ಆ್ಯಪ್ ಹುಟ್ಟಿದ್ದೂ ಅದೇ ವರ್ಷವಂತೆ, ಅಮೆರಿಕದಲ್ಲಿ. ನಾನು ಚೀಲ ಇಳಿಸಿದೆ, ಅದು ಎತ್ತಿಕೊಂಡಿತು ಎಂದು ಮೊಮ್ಮಗಳ ಮುಂದೆ ಜಂಬ ಕೊಚ್ಚುತ್ತಿರುತ್ತೇನೆ. ಸೈಕಲ್ ತುಳಿದು ಕಾಗದ ಹಂಚಿದ ದಿನಗಳಲ್ಲಿ ನಮ್ಮ ವಿಳಾಸದ ಕೊನೆಗೆ ಧಾರವಾಡ ಜಿಲ್ಲೆ ಎಂದಿರುತ್ತಿತ್ತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾದ ಮೇಲೂ ಎಷ್ಟೋ ಜನ ಹಳೆಯ ಹೆಸರನ್ನೇ ಬರೆಯುತ್ತಿದ್ದರು. ಕಾಗದ ಮುಟ್ಟುತ್ತಿತ್ತು ಬಿಡಿ. ಶಾಂತೇಶ್ವರ ಗುಡಿಯ ಓಣಿ, ಇಂಥವರ ಸೊಸೆ ಎಂದಷ್ಟೇ ಬರೆದರೂ ಮುಟ್ಟಿಸುತ್ತಿದ್ದೆವು. 13ನೇ ಶತಮಾನದ ಆ ಕಲ್ಲುಗುಡಿಗೆ ದಾರಿ ಕೇಳಿಕೊಂಡು ಹೊರಗಿನವರು ಬರುತ್ತಾರೆ. ನಮಗೆ ಅದು ಓಣಿಯ ಗುರುತು.

ಆ ಕಾಲದ ಮಕ್ಕಳಿಗೂ ಗೊತ್ತಿದ್ದ ಒಂದು ಸಂಗತಿ ಈಗಿನ ಮಕ್ಕಳಿಗೆ ಹೇಳಬೇಕಾಗಿದೆ. ಕಾರ್ಡು ಬೇರೆ, ಇನ್‌ಲ್ಯಾಂಡ್ ಬೇರೆ. ಕಾರ್ಡಿನಲ್ಲಿ ಬರೆದದ್ದನ್ನು ಹಂಚುವವನೂ ಓದಬಹುದು, ಕಟ್ಟೆಯ ಮೇಲೆ ಕೂತವರೂ ಓದಬಹುದು. "ನಾವೆಲ್ಲ ಕ್ಷೇಮ, ಮಳೆ ಚೆನ್ನಾಗಿದೆ, ಜಾತ್ರೆಗೆ ಬನ್ನಿ" ಎನ್ನುವುದಕ್ಕೆ ಕಾರ್ಡು ಸಾಕು. ಸಾಲದ ಮಾತು, ಮಗಳ ಸಂಕಟ, ಬೀಗರ ಮೇಲಿನ ಸಿಟ್ಟು ಇವೆಲ್ಲ ನೀಲಿ ಇನ್‌ಲ್ಯಾಂಡಿಗೆ, ಮಡಚಿ ಅಂಟು ಹಚ್ಚಿ. ಸಾವಿನ ಸುದ್ದಿ ಕಾರ್ಡಿನಲ್ಲೇ ಬರುತ್ತಿತ್ತು. ಓದಿ ಅಲ್ಲೇ ಹರಿದು ಒಗೆಯುತ್ತಿದ್ದರು, ಮನೆಯೊಳಗೆ ತರುತ್ತಿರಲಿಲ್ಲ. ಈಗ ವಾಟ್ಸ್‌ಆ್ಯಪಿನಲ್ಲಿ ತಾನಾಗಿ ಅಳಿಸಿಹೋಗುವ ಸಂದೇಶ ಬಂದಿದೆ ಎಂದು ಮೊಮ್ಮಗಳು ತೋರಿಸಿದಾಗ ನನಗೆ ಆ ಕಾರ್ಡುಗಳು ನೆನಪಾದವು.

ಇನ್‌ಲ್ಯಾಂಡ್ ಒಡೆಯುವುದೂ ಸಲೀಸಾಗಿರಲಿಲ್ಲ. ಬಹಳ ಮನೆಗಳಲ್ಲಿ ಓದುವವರೇ ಇರುತ್ತಿರಲಿಲ್ಲ, ನಾನೇ ಓದಿ ಹೇಳಬೇಕು. ಹೊಸದಾಗಿ ಬಂದ ಸೊಸೆಗೆ ತವರಿನಿಂದ ಕಾಗದ. ಅತ್ತೆ ಪಕ್ಕದಲ್ಲೇ ಕೂತಿರುತ್ತಾಳೆ. "ನಿಮ್ಮತ್ತಿ ಹೊಟ್ಟಿ ತುಂಬ ಊಟಕ್ಕ ಹಾಕ್ತಾಳೋ ಇಲ್ಲೋ" ಎಂದು ಆ ತಾಯಿ ಬರೆಸಿರುತ್ತಾಳೆ. ಆ ಸಾಲನ್ನು ನುಂಗಿ, "ಎಲ್ಲರನ್ನೂ ಕೇಳಿದ್ದಾರ ನೋಡವಾ" ಎಂದು ಮುಂದೆ ಹೋಗುತ್ತಿದ್ದೆ. ಆಮೇಲೆ ಬೋರಿನ ಹತ್ತಿರ ಆ ಹುಡುಗಿ ಒಬ್ಬಳೇ ಸಿಕ್ಕಾಗ ಬಿಟ್ಟ ಸಾಲು ಹೇಳುತ್ತಿದ್ದೆ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ, ಇಲಾಖೆಯ ನಿಯಮದ ಪುಸ್ತಕದಲ್ಲೂ ಇರಲಿಲ್ಲ.

ವಾಟ್ಸ್‌ಆ್ಯಪಿನ ಸಂದೇಶ ಕಾರ್ಡಲ್ಲ, ಇನ್‌ಲ್ಯಾಂಡು. 2016ರ ಏಪ್ರಿಲ್‌ನಿಂದ ಕಳಿಸಿದವರ ಫೋನಿನಲ್ಲಿ ಬೀಗ ಬಿದ್ದು, ಮುಟ್ಟಿದವರ ಫೋನಿನಲ್ಲಿ ಮಾತ್ರ ಅದು ತೆರೆಯುತ್ತದೆ. ನಡುವೆ ಸಾಗಿಸುವ ಕಂಪನಿಗೂ ಒಳಗಿನ ಮಾತು ಓದಲು ಬರುವುದಿಲ್ಲ. ಆದರೆ ಟಪಾಲಿನವನಿಗೆ ಗೊತ್ತಿರುವುದು ಅದಕ್ಕೂ ಗೊತ್ತಿರುತ್ತದೆ: ಯಾವ ನಂಬರು ಯಾವ ನಂಬರಿಗೆ ಯಾವಾಗ ಬರೆಯಿತು ಎಂಬ ಹೊರಮೈ ಲೆಕ್ಕ. ನಮ್ಮ ಮನೆಗಳ ತೊಂದರೆ ಅಲ್ಲಿಯದೂ ಅಲ್ಲ. ಬೀಗ ತೆರೆಯುವ ಫೋನು ಯಾರ ಕೈಯಲ್ಲಿದೆ ಎಂಬುದು ನಮ್ಮ ತೊಂದರೆ.

ಈಗ ಸವಣೂರಿನ ವಿಷಯಕ್ಕೆ ಬರುತ್ತೇನೆ.

1963ರಲ್ಲಿ ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆಗೆ ಕೂತವರು ನಾವು. ಅದಾದ ಮೇಲೆ ಹುಡುಗರು ಒಬ್ಬೊಬ್ಬರು ಒಂದೊಂದು ದಿಕ್ಕು, ಹುಡುಗಿಯರು ಕೊಟ್ಟ ಮನೆಗೆ. ಹಿರೇಕೆರೂರು, ಶಿಗ್ಗಾವಿ, ಸವಣೂರು ಎಂದರೆ ಈಗ ಗಾಡಿಯಲ್ಲಿ ಒಂದೆರಡು ತಾಸು. ಆಗ ಹುಡುಗಿಯೊಬ್ಬಳು ಸವಣೂರು ಕಡೆ ಹೋದಳೆಂದರೆ ಮುಗಿಯಿತು, ಜಾತ್ರೆಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ರಾಣೆಬೆನ್ನೂರಿನಲ್ಲಿ ನೆಲೆಸಿರುವ ನಮ್ಮ ಗೆಳೆಯನೊಬ್ಬ ಹೋದ ವರ್ಷ ನಮ್ಮನ್ನೆಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೂಡಿಸುವ ಹಟ ಹಿಡಿದ. ಮದುವೆ, ಸೀಮಂತ, ದಿನಕರ್ಮ, ಎಲ್ಲಿ ಹೋದರೂ ನಂಬರು ಕೇಳಿ ಬರೆದುಕೊಂಡು ಬಂದ. ಮೂವತ್ತೊಂದು ನಂಬರು ಆದವು. ಅವನ ಈ ಶ್ರಮವನ್ನು ನಾನು ಹಗುರ ಮಾಡಲಾರೆ. ಅರುವತ್ತು ವರ್ಷ ಸತ್ತರೋ ಇದ್ದರೋ ಗೊತ್ತಿಲ್ಲದವರ ದನಿ ಮತ್ತೆ ಕೇಳಿಸಿದ ಆ ವಾರ ನಮ್ಮಲ್ಲಿ ಹಲವರು ಸರಿಯಾಗಿ ನಿದ್ದೆ ಮಾಡಲಿಲ್ಲ. ಹೋದವರ ಹೆಸರುಗಳೂ ಆಗಲೇ ತಿಳಿದವು.

ಆ ಮೂವತ್ತೊಂದರಲ್ಲಿ ಒಂದು ನಂಬರು ಮೊದಲ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಜಾಣೆಯದು. ಹೆಸರು ಬರೆಯುವುದಿಲ್ಲ, ಸವಣೂರಿನ ತಂಗಿ ಎನ್ನುತ್ತೇನೆ. ಗೆಳೆಯ ಆಕೆಯ ನಂಬರನ್ನು ಯಾರದೋ ಮದುವೆಯಲ್ಲಿ ಪಡೆದಿದ್ದ. ಅದು ಆಕೆಯದಾಗಿರಲಿಲ್ಲ, ಸೊಸೆಯದು. ಆ ಸೊಸೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಗಿರಾಕಿಗಳು ಗುರುತಿಸಲಿ ಎಂದು ತನ್ನ ಫೋಟೊ ಹಾಕಿಕೊಂಡಿದ್ದಳು. ಬಟ್ಟೆಯ ಅಳತೆ, ಕುತ್ತಿಗೆಯ ವಿನ್ಯಾಸ, ಹಣ, ಎಲ್ಲ ವ್ಯವಹಾರ ಆ ಫೋನಿನಲ್ಲೇ.

ಗುಂಪು ಎಂದರೆ ಒಬ್ಬರ ನಂಬರು ಉಳಿದ ಎಲ್ಲರಿಗೂ ಕಾಣುವ ಜಾಗ. ಗುಂಪಿನ ಹೆಸರನ್ನು ಒತ್ತಿದರೆ ಸಾಕು, ಸಾಲಾಗಿ ನಂಬರು, ಪಕ್ಕದಲ್ಲಿ ಫೋಟೊ. ಮುದುಕರ ಗುಂಪು, ಏನಾದೀತು ಎನ್ನಬೇಡಿ. ಆ ಮೂವತ್ತೊಂದು ಫೋನುಗಳೂ ಮುದುಕರ ಕೈಯಲ್ಲಿ ಇರಲಿಲ್ಲವಲ್ಲ! ನಮ್ಮಲ್ಲೊಬ್ಬನ ಫೋನು ಹೆಚ್ಚಾಗಿ ಇರುವುದು ಕಾಲೇಜಿಗೆ ಹೋಗುವ ಅವನ ಮೊಮ್ಮಗನ ಹತ್ತಿರ. ಆ ಹುಡುಗ ಫೋಟೊ ನೋಡಿದ, ತನ್ನ ಫೋನಿಗೆ ನಂಬರು ಇಳಿಸಿಕೊಂಡ, ರಾತ್ರಿ ಹನ್ನೊಂದಕ್ಕೆ "ಹಾಯ್" ಎಂದ. ಮರುದಿನ "ಯಾವೂರು", ಅದರ ಮರುದಿನ "ಫೋಟೊ ಚೆಂದ ಐತಿ." ಆಕೆ ಒಂದಕ್ಕೂ ಉತ್ತರ ಕೊಡಲಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಹೆಂಡತಿಯ ಫೋನು ಬೆಳಗುವುದನ್ನು ಗಂಡ ನೋಡಿದ. ಯಾರಿವ ಎಂದು ಕೇಳಿದ. ಗೊತ್ತಿಲ್ಲ ಎಂದಳು, ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ನಂಬರು ಹೇಗೆ ಹೋಯಿತು ಎಂದು ಕೇಳಿದ. ಅದೂ ಆಕೆಗೆ ಗೊತ್ತಿರಲಿಲ್ಲ. ಫೋನು ಗಂಡನ ಕಿಸೆ ಸೇರಿತು. ಮದುವೆ ಸುಗ್ಗಿಯ ಹೊತ್ತಿನಲ್ಲಿ ಇಪ್ಪತ್ತೆರಡು ದಿನ.

ಪಕ್ಕದ ಮನೆಯ ಫೋನಿನಿಂದ ತಂಗಿ ನನಗೆ ಮಾತಾಡಿದಳು. "ಅಣ್ಣಾ, ನೀವೆಲ್ಲಾ ನನಗ ಸಿಕ್ರಿ. ಆದ್ರ ನಮ್ಮ ಹುಡುಗಿ ಫೋನು ಹೋತು."

ನಾನೂ ರಾಣೆಬೆನ್ನೂರಿನವನೂ ಆ ಊರಿಗೆ ಹೋದೆವು. ಪಡಸಾಲೆಯಲ್ಲಿ ಕೂತು, ನಂಬರನ್ನು ಗುಂಪಿಗೆ ಹಾಕಿದ್ದು ಹೇಗೆ, ಅದು ಇನ್ನೊಬ್ಬನ ಕೈಗೆ ಹೋದದ್ದು ಹೇಗೆ ಎಂದು ಆ ಮಗನಿಗೆ ಗುಂಪನ್ನೇ ತೆರೆದು ತೋರಿಸಿದೆವು. ಅವನು ಕೆಟ್ಟವನಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಆಕಿದೇನೂ ಇಲ್ಲಲ್ರಿ ಕಾಕಾ ಇದರಾಗ" ಎಂದ. ಒಳಗೆ ಬಾಗಿಲ ಹಿಂದೆ ನಿಂತಿದ್ದ ಆ ಹುಡುಗಿ ಹೊರಗೆ ಬರಲಿಲ್ಲ. ಚಹಾ ಬಂತು. ಮರುದಿನ ಫೋನು ಆಕೆಯ ಕೈಗೆ ಬಂದಿತಂತೆ. ಹೋದ ಗಿರಾಕಿಗಳೆಲ್ಲ ಬರಲಿಲ್ಲ. ಮೊಮ್ಮಗನ ವಿಷಯವನ್ನು ಅವನ ಅಜ್ಜನಿಗೇ ಬಿಟ್ಟೆವು.

ಇದನ್ನು ಮನೆಗೆ ಬಂದು ಹೇಳಿದಾಗ ಒಂಬತ್ತನೇ ಇಯತ್ತೆಯ ನನ್ನ ಮೊಮ್ಮಗಳು ಕೇಳಿದ ಮೊದಲ ಪ್ರಶ್ನೆ: "ಅಜ್ಜಾ, ಆ ಅಕ್ಕನ ಹಾಕೋಕಿಂತ ಮೊದಲ ಆಕಿನ್ನ ಕೇಳಿದ್ರೇನು?" ಫೋಟೊ ಯಾಕೆ ಹಾಕಿಕೊಂಡಿದ್ದಳು ಎಂದು ನನ್ನ ಹೆಂಡತಿ ಗೊಣಗಿದ್ದಕ್ಕೆ ಹುಡುಗಿ ಸಿಟ್ಟಾದಳು. "ಅಂಗಡಿಗೆ ಬೋರ್ಡ್ ಹಾಕಿದ್ರ ಅಂಗಡಿ ಕಡೆ ಬಾ ಅಂತ ಅರ್ಥ ಅಮ್ಮಾ, ರಾತ್ರಿ ಮನಿ ಬಾಗಲಾ ಬಡಿ ಅಂತಲ್ಲ." ನಾನು ಸುಮ್ಮನೆ ಕೇಳಿಸಿಕೊಂಡೆ. ಆಕೆಗೆ ಸ್ವಂತ ಫೋನಿಲ್ಲ, ಅವರವ್ವನದನ್ನು ಸಂಜೆ ಒಂದು ತಾಸು ಕೊಡುತ್ತಾರೆ.

ಆ ಒಂದು ತಾಸಿನಲ್ಲಿ ಆಕೆ ನನಗೆ ಪಾಠ ಮಾಡಿದಳು. ಸೆಟ್ಟಿಂಗ್ಸ್ ಒಳಗೆ ಪ್ರೈವಸಿ ಎಂದಿರುತ್ತದೆ, ಅದರೊಳಗೆ ಗ್ರೂಪ್ಸ್. ನಮ್ಮನ್ನು ಗುಂಪಿಗೆ ಯಾರು ಸೇರಿಸಬಹುದು ಎಂದು ಅಲ್ಲಿ ನಾವೇ ಹೇಳಿಡಬಹುದು: ಎಲ್ಲರೂ; ನಮ್ಮಲ್ಲಿ ನಂಬರು ಇರುವವರು; ನಂಬರು ಇರುವವರಲ್ಲೂ ಇಂಥಿಂಥವರನ್ನು ಬಿಟ್ಟು. 2019ರಿಂದ ಈ ಅನುಕೂಲ ಇದೆಯಂತೆ. ಹೀಗೆ ಹೇಳಿಟ್ಟರೆ ಉಳಿದವರು ನಮ್ಮನ್ನು ನೇರವಾಗಿ ಎಳೆದು ಹಾಕಲು ಬರುವುದಿಲ್ಲ. ಬಾ ಎಂದು ಕರೆ ಕಳಿಸಬೇಕು, ಮೂರು ದಿನದೊಳಗೆ ನಾವು ಒಪ್ಪಿದರೆ ಸರಿ, ಇಲ್ಲದಿದ್ದರೆ ಆ ಕರೆ ಸತ್ತಂತೆ. ಫೋಟೊ ಯಾರಿಗೆ ಕಾಣಬೇಕು, ನಾವು ಯಾವಾಗ ಫೋನು ನೋಡಿದೆವು ಎಂಬುದು ಯಾರಿಗೆ ತಿಳಿಯಬೇಕು, ಇವಕ್ಕೂ ಅಲ್ಲೇ ಬಾಗಿಲುಗಳಿವೆ.

"ನಂಬರು ಇರುವವರು ಅಂತ ಮಾಡು, ಸಾಕಲ್ಲ" ಎಂದೆ. ಹುಡುಗಿ ನನ್ನ ಫೋನಿನ ಪಟ್ಟಿ ತೆಗೆದು ಎಣಿಸಿದಳು. ನಾನೂರ ಹನ್ನೆರಡು! ಗ್ಯಾಸಿನವ, ಲೈನ್‌ಮನ್, ಟ್ರ್ಯಾಕ್ಟರಿನವ, ಶಿಗ್ಗಾವಿಯಲ್ಲಿ ಒಮ್ಮೆ ಹಲ್ಲು ಕಿತ್ತ ಡಾಕ್ಟರು, ಗೋವಿನಜೋಳದ ದಲ್ಲಾಳಿ, ಎಮ್ಮೆ ಕೊಂಡವ. "ಇವರೆಲ್ಲಾ ನಿನ್ನ ಗೆಳೆಯಾರೇನಜ್ಜಾ? ಇದಕ್ಕ ಗೊತ್ತಾಗೂದಿಲ್ಲ. ನಂಬರ್ ಸೇವ್ ಮಾಡಿದಿ ಅಂದ್ರ ನಿನ್ನವರು ಅಂತ ತಿಳಕೋತೈತಿ." ಊರಿನವರ ಫೋನಿನಲ್ಲಿ ಊರೇ ಇರುತ್ತದೆ. ಹಾಗಾಗಿ ಮೂರನೆಯದನ್ನು ಆರಿಸಿ, ಒಬ್ಬೊಬ್ಬರನ್ನೇ ಗುರುತು ಮಾಡುತ್ತ ಹೋದೆವು. ಎಮ್ಮೆ ಕೊಂಡವನನ್ನು ಬಿಡುವಾಗ ಸ್ವಲ್ಪ ಸಂಕೋಚವಾಯಿತು, ಒಳ್ಳೆಯ ಮನುಷ್ಯ. ನನ್ನ ಓರಗೆಯವರಿಗೆ ಈ ಕೆಲಸ ಬೇಸರವೆನಿಸಬಹುದು. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾಡಿ, ಹರಟೆಗೆ ಹರಟೆಯೂ ಆಗುತ್ತದೆ.

ರಾಣೆಬೆನ್ನೂರಿನವ ಮೂವತ್ತೂ ಮನೆಗಳಿಗೆ ಮತ್ತೆ ಫೋನು ಮಾಡಿದ. ಎರಡು ಪ್ರಶ್ನೆ: ಈ ಫೋನು ಯಾರ ಕೈಯಲ್ಲಿರುತ್ತದೆ? ನಂಬರು ಉಳಿದವರಿಗೆಲ್ಲ ಕಾಣುತ್ತದೆ, ನಡೆಯುತ್ತದೋ? ಏಳು ಮಂದಿ ಬೇಡ ಎಂದರು. ಐವರು ಹೆಣ್ಣುಮಕ್ಕಳು, ಅವರಲ್ಲಿ ನಾಲ್ವರದು ಸೊಸೆಯದೋ ಮಗಳದೋ ಫೋನು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಯಾರು ಕೇಳಿದ್ರು?" ಎಂದರಂತೆ.

ಇಷ್ಟಾದರೂ ನಮ್ಮಲ್ಲೊಬ್ಬ ಗುಂಪಿನಲ್ಲಿ ಬರೆದ: ಗೌಪ್ಯ, ಪ್ರೈವಸಿ ಎಲ್ಲ ಶಹರದವರ ಶೋಕಿ, ಹಳ್ಳಿಯಲ್ಲಿ ಯಾರ ಮನೆಯಲ್ಲಿ ಏನು ಅಡಿಗೆ ಎಂದು ಎಲ್ಲರಿಗೂ ಗೊತ್ತು. ಅವನಿಗೆ ನಾನು ಕೆ.ಎಸ್. ಪುಟ್ಟಸ್ವಾಮಿ ಅವರ ವಿಷಯ ಹೇಳಿದೆ. ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಈ ದೇಶದ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಹೇಳಿದರು. ಶಹರ, ಹಳ್ಳಿ ಎಂಬ ಭೇದ ಅದರಲ್ಲಿಲ್ಲ. ಆಗ ಅವರಿಗೆ 91. ಮುದುಕರಿಗೆ ಇದೆಲ್ಲ ಯಾಕೆ ಎನ್ನುವವರು ಆ ವಯಸ್ಸನ್ನೊಮ್ಮೆ ನೋಡಬೇಕು. 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಇನ್ನು ಅಡಿಗೆಯ ಮಾತು: ಅಡಿಗೆ ಏನೆಂದು ವಾಸನೆಯಿಂದ ತಿಳಿಯುವುದು ಬೇರೆ, ಒಲೆಯ ಮುಂದೆ ಬಂದು ಮುಚ್ಚಳ ತೆಗೆಯುವುದು ಬೇರೆ. ಹಳ್ಳಿಯವರಿಗೇ ಅದು ಹೆಚ್ಚು ಗೊತ್ತಿತ್ತು. ಕಟ್ಟೆಗೆ ಬಂದವನು ಪಡಸಾಲೆಗೆ ಕರೆಯದೆ ಬರುತ್ತಿರಲಿಲ್ಲ.

ಗುಂಪಿನಲ್ಲಿ ಇಲ್ಲದವರ ಮಾತೂ ಒಂದಿದೆ. ಮಳೆಗಾಲದಲ್ಲಿ ಕಂಬಳಿ ಮಾರುವವನೊಬ್ಬನ ಫೋಟೊವನ್ನು ಯಾರೋ ನಮ್ಮ ಗುಂಪಿಗೆ ಹಾಕಿ, ಮಕ್ಕಳ ಕಳ್ಳ, ಹುಷಾರ್ ಎಂದು ಬರೆದರು. ತೆಗೆಯಿರಿ ಎಂದು ನಾನು ಕೂಡಲೇ ಬರೆದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಮರೆತಿಲ್ಲ. ಊರು ನೋಡಲು ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ಮೊದಲು ಮುಂದಿನ ಊರು ಮುಟ್ಟಿತು. ಜನ ಕೂಡಿ ಹೊಡೆದರು, ಒಬ್ಬ ಯುವಕ ಸತ್ತ. ಅದೇ ತಿಂಗಳು ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ದಾಟಿಸಬಹುದು ಎಂದು ಮಿತಿ ಹಾಕುವುದಾಗಿ ಹೇಳಿತು. ಕಂಬಳಿಯವನ ಫೋಟೊ ಹೋಯಿತು. ಅವನು ಎರಡು ದಿನ ಬಿಟ್ಟು ನಮ್ಮ ಓಣಿಗೂ ಬಂದ, ನನ್ನ ಹೆಂಡತಿ ಒಂದು ಕೊಂಡಳು.

ಗೆಳೆಯರ ಹೆಸರಿನಲ್ಲಿ ಬರುವ ಕಳ್ಳರು ಬೇರೆಯೇ ಜಾತಿ. "ನಾನು ನಿನ್ನ ಹಳೇ ಗೆಳೆಯ, ಹೊಸ ನಂಬರು, ಆಸ್ಪತ್ರೆಯಲ್ಲಿದ್ದೇನೆ, ಐದು ಸಾವಿರ ಹಾಕು" ಎಂದು ಬರುತ್ತದೆ. ಇಲ್ಲವೇ, "ತಪ್ಪಿ ನಿನ್ನ ಫೋನಿಗೆ ಆರು ಅಂಕಿ ಬಂದಿವೆ, ಹೇಳು" ಎಂದು. ಆ ಆರು ಅಂಕಿ ಕೊಟ್ಟರೆ ನಮ್ಮ ಖಾತೆಯೇ ಅವರದಾಗಿ, ನಮ್ಮ ಹೆಸರಿನಲ್ಲಿ ಉಳಿದವರನ್ನು ಬೇಡುತ್ತಾರೆ. ಮಕ್ಕಳೇ, ಇದೊಂದನ್ನು ನಿಮ್ಮ ಅಜ್ಜ-ಅಜ್ಜಿಗೆ ಬಾಯಿಪಾಠ ಮಾಡಿಸಿ. ಹಣ ಹೋದರೆ 1930ಕ್ಕೆ ತಡಮಾಡದೆ ಫೋನು ಮಾಡಬೇಕು ಎಂಬುದನ್ನೂ. ನಮ್ಮ ಗುಂಪು ತನ್ನದೇ ಒಂದು ಉಪಾಯ ಮಾಡಿಕೊಂಡಿದೆ. ಹೊಸ ನಂಬರಿನಿಂದ ಯಾರೇ ಬಂದರೂ ಒಂದು ಪ್ರಶ್ನೆ: ಏಳನೇ ಇಯತ್ತೆಯಲ್ಲಿ ಲೆಕ್ಕದ ಮಾಸ್ತರರಿಗೆ ನಾವು ಇಟ್ಟಿದ್ದ ಅಡ್ಡಹೆಸರೇನು? ಯಾವ ಕಂಪ್ಯೂಟರಿನಲ್ಲೂ ಅದು ಇಲ್ಲ.

ದೀಪಾವಳಿ ಆದ ಮೇಲೆ ಸವಣೂರಿನ ತಂಗಿಗೆ ಮಗ ಹಳೆಯದೊಂದು ಫೋನು ತಂದುಕೊಟ್ಟ. ಅವಳದೇ ನಂಬರು. ಸೊಸೆಯೇ ಕೂತು ಎಲ್ಲವನ್ನೂ ಹೊಂದಿಸಿಕೊಟ್ಟಿದ್ದಾಳೆ. ಪಟ್ಟಿಯಲ್ಲಿರುವುದು ಒಂಬತ್ತೇ ಹೆಸರು. ಮುಖದ ಬದಲು ಸವಣೂರಿನ ದೊಡ್ಡಹುಣಸೆ ಮರದ ಫೋಟೊ ಹಾಕಿಕೊಂಡಿದ್ದಾಳೆ, ಹತ್ತಾರು ಜನ ಕೈ ಹಿಡಿದು ನಿಂತರೆ ತಬ್ಬುವಷ್ಟು ದಪ್ಪ ಬೊಡ್ಡೆಯ ಮರ. ಆ ಮರದ ಫೋಟೊದಿಂದ ರಾಣೆಬೆನ್ನೂರಿನವನಿಗೆ ಒಂದು ಸಂಜೆ "ಹೆಂಗದಿ" ಎಂದು ಬಂದಾಗ ಅವನು ಹೆದರಿ ಮಾಸ್ತರರ ಪ್ರಶ್ನೆ ಹಾಕಿದ. ದನಿ ಮುದ್ರಿಸಿ ಉತ್ತರ ಬಂತು. ಮಾಸ್ತರರ ಅಡ್ಡಹೆಸರಿನ ಜೊತೆಗೆ, ಕೇಳದಿದ್ದರೂ, ಇವನದೂ ಇತ್ತು. ಹಿಂದೆ ಸೊಸೆ ನಗುವುದೂ ಕೇಳಿಸುತ್ತಿತ್ತು ಎಂದ.

ಗುಂಪಿಗೆ ಬರುತ್ತೀಯೇನವಾ ಎಂದು ಈ ಸಲ ಕೇಳಿಯೇ ಕಳಿಸಿದ್ದಾನೆ. ಉತ್ತರ ಬಂದಿಲ್ಲ. ಓದಿದರೆ ಮೂಡುವ ನೀಲಿ ಗುರುತನ್ನೂ ಸೊಸೆ ಬಂದ್ ಮಾಡಿಟ್ಟಿದ್ದಾಳೆ. ಓದಿದಳೋ ಇಲ್ಲವೋ ಎಂದು ಅವನು ದಿನಾ ನನ್ನನ್ನು ಕೇಳುತ್ತಾನೆ.